ತಮ್ಮ ಪೊಟ್ಟಣದ ಮೇಲೆ ನಗುತ್ತಿರುವ ಹುಳುವಿನ ಕುರಿತು

ಗೆ,
ಮುಖ್ಯ ಆಹಾರಾಧಿಕಾರಿಗಳು,
'ರೆಪ್ಟಿಪೂರ್ಣ' ಸರೀಸೃಪ ಆಹಾರ ತಯಾರಕರು

ಮಾನ್ಯರೇ,

ಪುಣೆಯ ವಾಕಡದ ಆರನೇ ಮಹಡಿಯಿಂದ, ನನ್ನ ಅಜ್ಜಿ ಗೌರಾಬಾಯಿ, ಅಪ್ಪ ಕಾಡಪ್ಪ, ತಮ್ಮ ಅಮರ, ಹಾಗೂ ಗಾಜಿನ ಪೆಟ್ಟಿಗೆಯಲ್ಲಿ ದೀಪದಡಿ ಇಟ್ಟಿಗೆಯ ಮೇಲೆ ವಿರಾಜಮಾನರಾಗಿರುವ ಶ್ರೀಮಾನ್ ಸಾವಕಾರರು, ಇಷ್ಟೂ ಜನರ ಪರವಾಗಿ ತಮಗೆ ಹೃತ್ಪೂರ್ವಕ ನಮಸ್ಕಾರಗಳು. ಸಹಾಯವಾಣಿಗೆ ಫೋನು ಮಾಡಿ ಹೇಳಬಹುದಾದದ್ದನ್ನು ಹೀಗೆ ಊರಿಗೆಲ್ಲ ಕಾಣುವಂತೆ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಅಪರಿಚಿತರೊಡನೆ ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ. ಕಾಗದದ ಮೇಲೆ ಮಾತ್ರ ಬಾಯಿ ಸ್ವಲ್ಪ ಜೋರು.

ಸಾವಕಾರರು ಬಿಯರ್ಡೆಡ್ ಡ್ರ್ಯಾಗನ್ ಎಂಬ ಆಸ್ಟ್ರೇಲಿಯಾ ಮೂಲದವರು. ಸಿಟ್ಟು ಬಂದಾಗ ಗಂಟಲನ್ನು ಕಪ್ಪು ಗಡ್ಡದಂತೆ ಉಬ್ಬಿಸುವ, ಮೊಳದುದ್ದದ ಓತಿಕ್ಯಾತ ಎಂದರೆ ನಮ್ಮ ಕಡೆಯವರಿಗೆ ಅರ್ಥವಾದೀತು. ಹೊಟ್ಟೆ ಬಿಟ್ಟುಕೊಂಡು, ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಮಾಲೀಕರಂತೆ, ಬಂದು ಹೋಗುವವರನ್ನೆಲ್ಲ ಅರೆಗಣ್ಣಿನಲ್ಲಿ ಅಳೆಯುವುದರಿಂದ ಅಜ್ಜಿಯೇ ಅವರಿಗೆ ಆ ಹೆಸರಿಟ್ಟಳು. ಅವರನ್ನು ಮನೆಗೆ ತಂದವನು ಅಮರ. ತಂದ ದಿನವೇ, ಅವರನ್ನು ಕೊಂಡ ಕ್ಯಾಂಪ್ ಪೇಟೆಯ ಸಾಕುಪ್ರಾಣಿ ಅಂಗಡಿಯಿಂದಲೇ ಅವರ ಊಟವನ್ನೂ ತಂದಿದ್ದ: ಒಂದು ಡಬ್ಬಿ ತುಂಬ ಮಿಡತೆಮರಿಯಂಥ, ಜೀವಂತ ಜೀರುಂಡೆಗಳು. ಮೊಟ್ಟೆ ಹಾಕಿದ ಕೇಕು ಕೂಡ ಬಾಗಿಲಾಚೆಯೇ ಹುಟ್ಟುಹಬ್ಬ ಮುಗಿಸಿಕೊಂಡು ಹೋಗುವ ಲಿಂಗವಂತರ ಮನೆ ನಮ್ಮದು. ಅಂಥಲ್ಲಿ ಒಂದು ಜೀರುಂಡೆ ಡಬ್ಬಿಯಿಂದ ನೆಗೆದು ಅಪ್ಪನ ಜೋಳದ ರೊಟ್ಟಿಯ ಮೇಲೆ ಇಳಿದಾಗ ತೀರ್ಪು ಅಲ್ಲೇ ಆಯಿತು: "ಜೀವಾ ತಿನ್ನೂ ಜೀವ ಈ ಮನ್ಯಾಗ ಬ್ಯಾಡ. ಕಾಯಿಪಲ್ಲೆ ತಿಂದ್ರ ಇರ್ಲಿ, ಇಲ್ಲಂದ್ರ ತಂದಲ್ಲೇ ಬಿಟ್ಟು ಬಾ."

ಆ ಸಂಕಟದ ಸಮಯದಲ್ಲಿ ನಮ್ಮ ಕೈ ಹಿಡಿದವರು ತಾವು. ಹಸಿರು ಪೊಟ್ಟಣ, ಅದರ ಮೇಲೆ ದೊಡ್ಡದೊಂದು ಎಲೆ, ಪಕ್ಕದಲ್ಲಿ ಒಂದು ದಾಸವಾಳ, ಕೆಳಗೆ 'ಜೀವಂತ ಕೀಟಗಳ ರಗಳೆ ಇನ್ನಿಲ್ಲ' ಎಂಬ ಆಶ್ವಾಸನೆ. ಇಷ್ಟು ಸಾತ್ವಿಕವಾದ ಪೊಟ್ಟಣದಲ್ಲಿ ನಮ್ಮ ಅಜ್ಜಿಯ ಉಪವಾಸದ ಸಾಬೂದಾಣಿ ಸಹ ಬರುವುದಿಲ್ಲ. ಅಮರ ಅದನ್ನು ಅಪ್ಪನಿಗೆ ತೋರಿಸಿದ, ಅಪ್ಪ ಎಲೆಯನ್ನು ನೋಡಿದರು, ಸಾವಕಾರರಿಗೆ ವಸತಿ ಮಂಜೂರಾಯಿತು.

ಪೊಟ್ಟಣದೊಳಗಿನ ತಮ್ಮ ಆಹಾರದ ಗುಳಿಗೆಗಳ ಒಂದೇ ಒಂದು ನ್ಯೂನತೆಯೆಂದರೆ ಅವು ಓಡುವುದಿಲ್ಲ. ಓಡದಿರುವುದನ್ನು ಊಟವೆಂದು ಒಪ್ಪಿಕೊಳ್ಳುವ ಅಭ್ಯಾಸ ಸಾವಕಾರರ ವಂಶದಲ್ಲಿ ಕಡಿಮೆಯಂತೆ. ಆದ್ದರಿಂದ ಯಾರಾದರೊಬ್ಬರು ಚಿಮಟಿಗೆಯಲ್ಲಿ ಗುಳಿಗೆಯನ್ನು ಹಿಡಿದು ಅವರ ಮುಂದೆ ಕುಣಿಸಬೇಕಾಗಿತ್ತು. ಈ ಕೆಲಸದಲ್ಲಿ ನಮ್ಮೆಲ್ಲರನ್ನೂ ಮೀರಿಸಿದವರು, ಮಾನ್ಯರೇ, ನನ್ನ ಅಪ್ಪ. ಮಾರ್ಕೆಟ್ ಯಾರ್ಡಿನ ತಮ್ಮ ದಿನಸಿ ಅಂಗಡಿ ಮುಚ್ಚಿ ಬಂದು, ಅಂಗಿಯನ್ನೂ ಬದಲಿಸದೆ, ಪೆಟ್ಟಿಗೆಯ ಮುಂದೆ ಮಂಡಿಯೂರಿ, "ಓಡಾಕತ್ತದ ನೋಡ್ರಿ ಸಾವಕಾರ್ರ, ಬಿಡಬ್ಯಾಡ್ರಿ, ಹಿಡೀರಿ" ಎಂದು ಹುರಿದುಂಬಿಸುತ್ತ, ಜೀವಹಿಂಸೆಯನ್ನು ಕನಸಿನಲ್ಲಿಯೂ ಒಪ್ಪದ ಆ ಮನುಷ್ಯ ಪ್ರಾಣಭಯದಿಂದ ತತ್ತರಿಸುವ ಹುಳುವಿನ ಪಾತ್ರವನ್ನು ಅದೆಷ್ಟು ಮನಮುಟ್ಟುವಂತೆ ನಿರ್ವಹಿಸುತ್ತಿದ್ದರೆಂದರೆ, ಸಾಹಿತ್ಯದ ಎಂ.ಎ. ತರಗತಿಯಲ್ಲಿ ಕರುಣರಸದ ಬಗ್ಗೆ ಕಲಿತದ್ದೆಲ್ಲ ನನಗೆ ಅಲ್ಲಿಯೇ ಮನದಟ್ಟಾಯಿತು.

ಅಜ್ಜಿಯದು ಇನ್ನೊಂದು ಕ್ರಮ. ನಮ್ಮಲ್ಲಿ ಯಾರು ಏನು ತಿನ್ನುವುದಿದ್ದರೂ ಮೊದಲು ದೇವರ ಜಗಲಿಗೆ ಎಡೆ ತೋರಿಸುವುದು ಪದ್ಧತಿ. ಮನೆಯ ಸದಸ್ಯನೊಬ್ಬ ಎಡೆಯಿಲ್ಲದೆ ಉಣ್ಣುವುದು ಅವಳಿಗೆ ಸರಿಕಾಣಲಿಲ್ಲ. ಅವಳು ತಮ್ಮ ಗುಳಿಗೆಗಳನ್ನು ಸಣ್ಣ ಹಿತ್ತಾಳೆಯ ಬಟ್ಟಲಿನಲ್ಲಿ ನೆನೆಸಿ, ಜಗಲಿಯ ಮುಂದಿಟ್ಟು, ಕೈಮುಗಿದು, ಆಮೇಲೆ ಸಾವಕಾರರಿಗೆ ಬಡಿಸುತ್ತಿದ್ದಳು. ಶ್ರಾವಣದಲ್ಲಿ ಅಜ್ಜಿಯ ಭಜನೆಯ ಗೆಳತಿಯರು 'ಶಾಕಾಹಾರಿ ಓತಿಕ್ಯಾತ'ವನ್ನು ನೋಡಲು ಬಂದು, ಗಾಜಿಗೆ ಕುಂಕುಮ ಹಚ್ಚಿ ಹೋದರು. ಎದುರುಮನೆಯ ಸ್ವರ್ಣಲತಾ ಅವರೊಬ್ಬರೇ ಬಟ್ಟಲನ್ನು ಮೂಸಿ ಅನುಮಾನಪಟ್ಟರು. ಅವರದು ಕರಾವಳಿ ಊಟದ ಹೋಟೆಲು. "ಇದು ನಮ್ಮ ಒಣಸಿಗಡಿಯ ವಾಸನೆ ಅಲ್ವಾ ಮಾರಾಯ್ರೆ" ಎಂದರು. ಅಜ್ಜಿ ನಕ್ಕು, "ನಿಮಗ ದೇವರ ಮುಂದ ನಿಂತ್ರೂ ಮೀನಿಂದೇ ಧ್ಯಾನರಿ. ಅದು ವಿಟಮಿನ್ ವಾಸನಿ" ಎಂದಳು.

ಎಲ್ಲವೂ ಹೀಗೆ ಸುಗಮವಾಗಿ ನಡೆದಿರುವಾಗ, ಮಾನ್ಯರೇ, ತಮಗೆ ಇದ್ದಕ್ಕಿದ್ದಂತೆ ಪ್ರಾಮಾಣಿಕತೆ ಏಕೆ ಅಡರಿತು?

ಕಳೆದ ವಾರ ಬಂದ ಹೊಸ ಪೊಟ್ಟಣದಲ್ಲಿ ಎಲೆ ಇಲ್ಲ, ದಾಸವಾಳ ಇಲ್ಲ. ಅವುಗಳ ಜಾಗದಲ್ಲಿ ಒಂದು ದಷ್ಟಪುಷ್ಟ ಹುಳು, ಕಪ್ಪು ಕನ್ನಡಕ ಧರಿಸಿ, ಹಲ್ಲು ಕಿಸಿದು, ತನಗಿಲ್ಲದ ಹೆಬ್ಬೆರಳನ್ನು ಎತ್ತಿ ತೋರಿಸುತ್ತಿದೆ. ತಲೆಯ ಮೇಲೆ ಮೂರು ಭಾಷೆಗಳಲ್ಲಿ, 'ಅದೇ ಹಳೆಯ ರುಚಿ, ನಿಜವಾದ ಹುಳುಗಳ ಶಕ್ತಿ.' ಬಾಗಿಲಲ್ಲಿ ಅದನ್ನು ಪಡೆದವಳು ಅಜ್ಜಿ. ಅವಳಿಗೆ ಆ ಮೂರರಲ್ಲಿ ಒಂದೂ ಓದಲು ಬಾರದು, ಆದರೆ ಚಿತ್ರ ತಿಳಿಯುತ್ತದೆ. "ಸಿಂಧು, ಈ ಹುಳ ಯಾಕ ನಗಾಕತ್ತದ?" ಎಂದು ನನ್ನನ್ನು ಕೇಳಿದಳು. ಹುಳುವಿನ ತಲೆಯ ಮೇಲಿನ ಸಾಲನ್ನು ನಾನು ಅವಳಿಗೆ ಓದಿ ಹೇಳಿದೆ, ನನ್ನ ಎಂ.ಎ. ಅಷ್ಟಕ್ಕೆ ಉಪಯೋಗವಾಯಿತು.

ಸಂಜೆ ಮನೆಯಲ್ಲಿ ನ್ಯಾಯ ಕೂಡಿತು. "ಅದು ಹುಳ ಅಲ್ಲಪ್ಪಾ, ಬರೇ ಪುಡಿ" ಎಂದು ಅಮರ ವಾದಿಸಿದ. ಅಪ್ಪ ದಿನಸಿ ವ್ಯಾಪಾರಿ. "ಗೋದಿ ಬೀಸಿದ್ರ ಅದು ಗೋದಿ ಅಲ್ಲಂತೀ? ನನಗ ಹೇಳ್ತಿಯೇನು ಹಿಟ್ಟಿನ ಮಾತು?" ಎಂದರು. ಅಮರ ತಮ್ಮ ಸಹಾಯವಾಣಿಗೆ ಫೋನು ಮಾಡಿದಾಗ, ತಮ್ಮ ಸಿಬ್ಬಂದಿಯೊಬ್ಬರು ಜೇನಿನಂಥ ಹಿಂದಿಯಲ್ಲಿ, ಮೊದಲಿನಿಂದಲೂ ಅರ್ಧಕ್ಕಿಂತ ಹೆಚ್ಚು ನೊಣದ ಮರಿಹುಳುವೇ ಇತ್ತೆಂದೂ, ಚಿತ್ರ ಮಾತ್ರ ಹೊಸದೆಂದೂ, ಆದ್ದರಿಂದ ಗಾಬರಿಯಾಗಬಾರದೆಂದೂ ಧೈರ್ಯ ತುಂಬಿದರು. ಅಜ್ಜಿ ಎದ್ದು ಅಡುಗೆಮನೆಗೆ ಹೋದಳು. ಹಿತ್ತಾಳೆಯ ಬಟ್ಟಲನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದಳು, ತಿಕ್ಕಿದ್ದನ್ನೇ ಮತ್ತೆ ತಿಕ್ಕಿದಳು. ಅಪ್ಪ ಚಿಮಟಿಗೆಯನ್ನು ಕಪಾಟಿನ ಮೇಲೆ ಎಸೆದು, ಭಾನುವಾರ ಸಾವಕಾರರನ್ನು ಕ್ಯಾಂಪಿನ ಅಂಗಡಿಗೆ ಮರಳಿಸಬೇಕೆಂದರು. ಆ ಮೇಲೆ ಯಾರೂ ಗುಳಿಗೆ ಕುಣಿಸಲಿಲ್ಲ. ಸಾವಕಾರರು ಮುಂದಿಟ್ಟ ಸೊಪ್ಪನ್ನು ತುಳಿದುಕೊಂಡು ಹೋಗಿ, ಗಡ್ಡ ಕಪ್ಪು ಮಾಡಿಕೊಂಡು ಮೂಲೆ ಸೇರಿದರು. ಅವರ ಬಾಲದ ಬುಡ ಬಡಕಲಾಗುವುದು ಬರಿಗಣ್ಣಿಗೆ ಕಾಣುತ್ತಿತ್ತು.

ಆದ್ದರಿಂದ ಆಗ ನಾನು ತಮ್ಮಲ್ಲಿ ಈ ಕೆಳಗಿನಂತೆ ಬಿನ್ನವಿಸಿಕೊಳ್ಳಬೇಕೆಂದಿದ್ದೆ. ದಯಮಾಡಿ ಮೊದಲಿನಂತೆ ನಮ್ಮನ್ನು ವಂಚಿಸುವುದನ್ನು ಮುಂದುವರಿಸಿರಿ. ಎಲೆ ಸಾಕು, ದಾಸವಾಳಕ್ಕೆ ಒತ್ತಾಯವಿಲ್ಲ. ಅದಾಗದಿದ್ದರೆ, ತುಂಬು ಜೀವನ ನಡೆಸಿ, ಮಕ್ಕಳು ಮೊಮ್ಮಕ್ಕಳ ನಡುವೆ ಸಹಜವಾಗಿ ತೀರಿಕೊಂಡ ಹುಳುಗಳನ್ನು ಮಾತ್ರ ಬಳಸಿರಿ. ನೊಣವಾಗುವ ಮೊದಲೇ ಪುಡಿಯಾಗುವವರಿಗೆ ಮೊಮ್ಮಕ್ಕಳಿರುವುದಿಲ್ಲ ಎಂಬ ವೈಜ್ಞಾನಿಕ ತೊಡಕು ನನಗೆ ಗೊತ್ತಿದೆ. ತಮ್ಮ ಸಂಶೋಧನಾ ವಿಭಾಗದ ಮೇಲೆ ನನಗೆ ಭರವಸೆಯೂ ಇದೆ.

ಆದರೆ ಬಿನ್ನಹದ ಅಗತ್ಯ ಬೀಳಲಿಲ್ಲ. ಭಾನುವಾರ ಬೆಳಿಗ್ಗೆ ಅಮರ ಸಾವಕಾರರನ್ನು ತೂತು ಕೊರೆದ ರಟ್ಟಿನ ಡಬ್ಬಿಯಲ್ಲಿ ಇಳಿಸಿ ಚಪ್ಪಲಿ ಮೆಟ್ಟುತ್ತಿದ್ದಾಗ, ಅಜ್ಜಿ ಬಂದು ಬಾಗಿಲಿಗೆ ಅಡ್ಡ ಕೂತಳು.

"ಅಲ್ಲಿ ಇದಕ್ಕ ಏನ್ ಹಾಕ್ತಾರೋ?" ಎಂದು ಕೇಳಿದಳು.

"ಮತ್ತೇನು, ಜೀವಂತ ಹುಳ" ಎಂದ ಅಮರ.

ಅವಳು ಅಪ್ಪನ ಕಡೆ ತಿರುಗಿದಳು. "ಕಾಡಪ್ಪಾ, ಪಾಪಾನ ಕ್ಯಾಂಪಿಗೆ ಕಳಿಸಿದ್ರ ಅದು ಕ್ಯಾಂಪಿನವರ ಪಾಪ ಆಗ್ತದೇನು? ಇದು ಹುಟ್ಟಿದ್ದ ಹಿಂಗ. ಇದರ ತಾಟು ದೇವರ ಮುಂದ ಇಟ್ಟದ್ದು ನನ್ನ ಶಾಣ್ಯಾತನ. ಹುಳಾನ ತಿನ್ನೂದಾದ್ರ ಜೀವಂತ ಇದ್ದದ್ದ ತಿನ್ನಲಿ. ಅದಕ್ಕ ಓಡಾಕ ಕಾಲಾದ್ರೂ ಇರ್ತಾವ. ಆ ಪುಡಿಗೆ ಏನದ? ಬರೇ ಚಸ್ಮಾ."

ಅಪ್ಪ ಬಹಳ ಹೊತ್ತು ಡಬ್ಬಿಯ ತೂತಿನಲ್ಲಿ ಇಣುಕಿದರು. ಒಳಗಿನವರೂ ಇಣುಕಿದರು. ಪೆಟ್ಟಿಗೆಯನ್ನು ಅಡುಗೆಮನೆಯ ಗೋಡೆಯಿಂದ ಬಾಲ್ಕನಿಯ ಪಕ್ಕಕ್ಕೆ ಸರಿಸಬೇಕು, ಎಡೆಯ ಸಂಬಂಧ ಇರಬಾರದು ಎಂಬ ಎರಡು ಷರತ್ತುಗಳ ಮೇಲೆ ವಸತಿ ಮರುಮಂಜೂರಾಯಿತು. ಅಮರ ಕ್ಯಾಂಪಿಗೆ ಹೋದದ್ದು ನಿಜ, ಜೀರುಂಡೆ ತರಲು. ಸಾವಕಾರರು ಆ ಮಧ್ಯಾಹ್ನ ಇಟ್ಟಿಗೆ ಇಳಿದು ಓಡಿದರು. ಅವರಿಗೆ ಓಡಲು ಬರುತ್ತದೆಂದು ಅದುವರೆಗೆ ನಮಗಾರಿಗೂ ಗೊತ್ತಿರಲಿಲ್ಲ.

ಆದಕಾರಣ ತಮ್ಮ ಮಾಸಿಕ ಪೊಟ್ಟಣವನ್ನು ಇಂದಿನಿಂದ ನಿಲ್ಲಿಸಬೇಕಾಗಿ ವಿನಂತಿ. ಹುಳುವಿಗೆ ನನ್ನ ಸಂತಾಪಗಳನ್ನು ತಿಳಿಸಿರಿ.

ಇನ್ನು ಗಿರಾಕಿಯಾಗಿ ಉಳಿಯದಿದ್ದರೂ ಎಂದಿಗೂ
ತಮ್ಮ ವಿಶ್ವಾಸಿ,
ಸಿಂಧು ಕಾಡಪ್ಪ
ವಾಕಡ, ಪುಣೆ

ವಿ.ಸೂ.: ತಪ್ಪಿಸಿಕೊಂಡ ಜೀರುಂಡೆಯನ್ನು ಬೆನ್ನಟ್ಟುವಂತಿಲ್ಲ, ಅದಕ್ಕೆ ಕ್ಷಮಾದಾನವಾಯಿತೆಂದು ತಿಳಿಯತಕ್ಕದ್ದು ಎಂದು ಅಪ್ಪ ಹೊಸದೊಂದು ನಿಯಮ ಮಾಡಿದ್ದಾರೆ. ನಿಯಮ ಬಂದಾಗಿನಿಂದ ಅವರು ಜೀರುಂಡೆಯ ಡಬ್ಬಿಗೆ ಮುಚ್ಚಳ ಹಾಕುವುದನ್ನು ಆಗಾಗ ಮರೆಯುತ್ತಿದ್ದಾರೆ. ಈ ಸೌಲಭ್ಯವನ್ನು ತಮ್ಮ ಪೊಟ್ಟಣದೊಳಗೆ ಒದಗಿಸಲು ಸಾಧ್ಯವಾದಲ್ಲಿ ತಿಳಿಸಿರಿ. ನಮ್ಮ ನಿರ್ಧಾರವನ್ನು ಮರುಪರಿಶೀಲಿಸುತ್ತೇವೆ.