ಮೋತ್ಯಾನ್ನ ವಾಪಸ್ ಬಿಟ್ಟು ಬಂದಿದ್ದು

ತಪ್ಪು ಮಾಡಿದ್ದು ಒಂದ ಸಲ, ಮಾರಿ ಕೆಳಗ ಹಾಕಿದ್ದು ಮಾತ್ರ ಲೆಕ್ಕಾನ ಇಲ್ಲ. ಮುಚ್ಚಾಕ ಹೋದಷ್ಟೂ ಬಿಚ್ಚಿಕೊಂಡ ಬರ್ತಾವ ನೋಡ್ರಿ ಇಂಥಾವು.

೧. ಕಾರಣ

ಕೊಲ್ಹಾಪುರದಾಗ ನಂದು ಚಪ್ಲಿ ಹೊಲಿಯೂ ಕಾರಖಾನಿ. ಕಾರಖಾನಿ ಅಂದ್ರ ದೊಡ್ಡದೇನಲ್ರಿ, ನಮ್ಮ ಮನಿ ಪಡಸಾಲಿನ. ಅಲ್ಲೇ ತೊಗಲು, ಅಲ್ಲೇ ಎಣ್ಣಿ, ಅಲ್ಲೇ ನಾನು. ಇಲಿ ಭಾಳ ಆಗ್ಯಾವಂತ ಊರ ಹೊರಗಿನ ಪ್ರಾಣಿಗಳ ಶೆಲ್ಟರಿನಿಂದ ಒಂದು ನಾಯಿ ದತ್ತಕ ತಂದ್ನಿ. ಹೆಸರು ಮೋತ್ಯಾ. ಇಲಿ ಕಡೆ ಅವ ಕಣ್ಣೆತ್ತಿ ಸುದ್ದಾ ನೋಡ್ಲಿಲ್ಲ. ಒಬ್ಬ ಮದಲಮಗನಿಗೆ ಅಂತ ಎಣ್ಣಿ ಹಚ್ಚಿ ಮೆತ್ತಗ ಮಾಡಿ ಇಟ್ಟ ಚಪ್ಲಿ, ಮದಿವಿ ಹಿಂದಿನ ದಿನ, ಎಡಗಾಲಿಂದು ಪೂರಾ ತಿಂದು ಬಲಗಾಲಿಂದು ನನಗ ಬಿಟ್ಟಿದ್ದ.

ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದಂಗ ಬೈದು, ಅವನ ತಾಟು, ಸರಪಳಿ ಒಂದು ಚೀಲದಾಗ ತುರುಕಿ, ಸ್ಕೂಟರ್ ಮುಂದ ನಿಂದ್ರಿಸಿಕೊಂಡು ಹೊಂಟ್ನಿ. ಪಾಪ, ಅವ ತಿರಗ್ಯಾಡಾಕ ಹೊಂಟೇವಂತ ತಿಳದು ದಾರಿ ತುಂಬ ಬಾಲಾ ಅಳ್ಳಾಡಿಸಿದ.

ಶೆಲ್ಟರ್ ನಡಸೂ ತಾಯಿ ರಜಿಸ್ಟರ್ ತಗದ್ರು. “ವಾಪಸ್ ಯಾಕ್ರಿ?”

“ನಮ್ಮ ಹೇಣ್ತಿಗೆ ಅಲರ್ಜಿ ಐತ್ರಿ,” ಅಂದ್ನಿ.

ಬರಕೊಂಡ್ರು. “ನಿಮ್ಮ ಉದ್ಯೋಗ?”

“ಚಪ್ಲಿ ಮಾಡ್ತೇನ್ರಿ.” ಬಾಯಿ ತಪ್ಪಿ ಖರೇ ಬಂದಬಿಡ್ತು.

ಅವರು ಪೆನ್ನು ಕೆಳಗಿಟ್ರು. “ಅರೇ ದೇವಾ! ತೊಗಲ ತುಂಬಿದ ಮನಿಗೆ ನಾಯಿ ಒಯ್ದು, ಈಗ ಹೇಣ್ತಿ ಮ್ಯಾಲ ಹಾಕ್ತೀರೇನು?” ಅಂತ ಹೇಳಿ, ಅಲರ್ಜಿ ಅನ್ನೂದು ಹೊಡದ ಹಾಕಿ, ಅಲ್ಲೇ ‘ಮಾಲಕನ ಬುದ್ಧಿ’ ಅಂತ ಬರದ್ರು. ಅದರ ಕೆಳಗ ನನ್ನ ಕಡಿಂದನ ಸಹಿ ಮಾಡಿಸಿಕೊಂಡ್ರು.

೨. ಚಂದಗಡದ ಹವಾ

ಓಣ್ಯಾಗ ಎಲ್ಲಾರೂ ಕೇಳಾವ್ರ, “ಮೋತ್ಯಾ ಎಲ್ಲಿ?” ಖರೇ ಹೇಳಾಕ ನಾಚಿಕಿ. “ಹೇಣ್ತಿ ತಮ್ಮನ ಕಡೆ ಚಂದಗಡಕ್ಕ ಕಳಿಸೇನ್ರಿ, ಅಲ್ಲಿ ಹವಾ ಚಲೋ,” ಅಂತ ಹೇಳಿಬಿಟ್ನಿ. ನಮ್ಮನ್ಯಾಗ ನಾಯಿ ಇತ್ತನ್ನೂದ ಆ ಹುಡುಗಗ ಗೊತ್ತಿಲ್ಲ.

ಹದಿನೈದ ದಿನದಾಗ ಅವನ ಬಂದ. ಬಸ್ಸಿಳದು ಓಣಿ ಹೊಕ್ಕಾಂವನ್ನ ಬಾಜೂ ಮನಿ ಆಯಿ ಹಿಡದ ನಿಂದ್ರಿಸಿದ್ಳು. “ನಮ್ಮ ಮೋತ್ಯಾ ಹೆಂಗದಾನಪಾ?”

ಮೋತ್ಯಾ ಅಂದ್ರ ನಮ್ಮ ಕಡೆ ಯಾರೋ ಹಿರೇರು ಅಂತ ತಿಳಕೊಂಡ ಅವ, ಗೊತ್ತಿಲ್ಲ ಅನ್ನಾಕ ಸಂಕೋಚಪಟ್ಟು ಅಂದಾಜ ಮ್ಯಾಲ ಹೇಳಿದ. “ಆರಾಮ ಅದಾರ್ರಿ.”

“ಊಟಾ ಸರೀ ಮಾಡ್ತಾನಿಲ್ಲೋ?”

“ವಯಸ್ಸಾತಲ್ರಿ, ಮೆತ್ತಂದ ಅಷ್ಟ ತಿಂತಾರ.”

“ರಾತ್ರಿ ಬೊಗಳ್ತಾನೇನು?”

“ಸಿಟ್ಟು ಬಂದಾಗ ಅಷ್ಟ್ರಿ.”

ಒಳಗ ಬಂದಾಂವನ ಕೇಳಿದ, “ದಾಜಿ, ಮೋತ್ಯಾ ಅಂದ್ರ ಯಾರ್ರಿ? ಅವರಿಗಂತ ಆಯಿ ಬಿಸ್ಕೀಟ ಕೊಟ್ಟಾಳ.” ನಮ್ಮಾಕಿ ನನ್ನ ಮಾರಿನ ನೋಡಾಕತ್ತಿದ್ಳು. ವಾಪಸ್ ಕೊಟ್ರ ಸುಳ್ಳು ಬೈಲಿಗೆ ಬರತೈತಿ. ನಾಯಿ ಪಾಲಿನ ಬಿಸ್ಕೀಟು ಎರಡ ದಿನ ಚಹಾದಾಗ ಅದ್ದಿ ತಿಂದಾಂವ ನಾನ.

೩. ಗ್ಯಾರಂಟಿ

ಒಂದಿನ ಶೆಲ್ಟರಿನ ತಾಯಿದು ಫೋನ್ ಬಂತು. “ಮೋತ್ಯಾ ಊಟಾ ಬಿಟ್ಟಾನ್ರಿ. ಸ್ಕೂಟರ್ ಸಪ್ಪಳ ಕೇಳಿದ್ರ ಸಾಕು, ಗೇಟಿಗೆ ಓಡ್ತಾನ. ಬ್ಯಾರೇ ಮನಿಯವರು ನೋಡಾಕ ಬಂದ್ರ ಮೂಲಿ ಹಿಡೀತಾನ. ಹಿಂಗಾದ್ರ ಇವನ್ನ ಉಳಿಸ್ಕೊಳ್ಳೂದು ಕಷ್ಟ. ನಿಮ್ಮ ಮನಿದು ಏನರ ಒಂದು ತಂದುಕೊಡ್ರಿ, ವಾಸನಿಗೆ ತಿಂದಾನು.”

ಆ ಉಳದಿದ್ದ ಬಲಗಾಲಿನ ಚಪ್ಲಿ ಒಯ್ದು ಮುಂದಿಟ್ನಿ. ಮೂಸಿ ನೋಡಿದ. ತಿನ್ನಲಿಲ್ರಿ. ಅದರ ಮ್ಯಾಲ ತಲಿ ಇಟ್ಟು ಮಲಗಿದ. ಎಲುಬು ಎದ್ದ ಕಾಣಸ್ತಿದ್ವು. ನನಗ ನನ್ನ ಮ್ಯಾಲ ಹೇಸಿಕಿ ಬಂತು.

“ಕರಕೊಂಡ ಹೋಗ್ತೇನ್ರಿ,” ಅಂದ್ರ ಅವರು ಬಿಡಾಕ ತಯಾರಿಲ್ಲ. ಮನಿ ನೋಡೇ ಕೊಡೂದು ಅಂತ ನನ್ನ ಹಿಂದನ ಬಂದು, ತೊಗಲೆಲ್ಲಾ ನನ್ನ ಕಡಿಂದ ಅಟ್ಟಕ್ಕ ಏರಿಸಿದ್ರು. ಆಮ್ಯಾಲ ನಮ್ಮಾಕಿನ್ನ ಕೇಳಿದ್ರು, “ಇನ್ನೊಮ್ಮೆ ಹಿಂಗ ಆಗಂಗಿಲ್ಲಂತ ಗ್ಯಾರಂಟಿ ಕೊಡ್ತೀರೇನ್ರಿ?”

“ನಾಯಿದು ಬೇಕಾದ್ರ ಕೊಡ್ತೇನ್ರಿ,” ಅಂದ್ಳು ನಮ್ಮಾಕಿ. “ಇವರದು ಒಲ್ಲೆ.”

೪. ತಾಟು

ಮೋತ್ಯಾ ತನ್ನ ತಾಟು, ಸರಪಳಿ ಸಮೇತ ಮನಿಗೆ ಬಂದ. ಉಣ್ಣಾಕ ಹತ್ತಿದ. ಚಪ್ಲಿ ಮುಟ್ಟೂದು ದೂರ ಉಳೀತು, ದಾಟಿ ಸುದ್ದಾ ಹೋಗೂದಿಲ್ಲ, ಸುತ್ತ ಹಾಕಿ ಹೋಗ್ತಾನ. ಎಲ್ಲಾ ಸರೀ ಹೋತು ಅಂತ ನಾ ತಿಳದಿದ್ನಿ.

ಮೊನ್ನೆ ಪಲ್ಯಾಕ್ಕ ಉಪ್ಪು ಹೆಚ್ಚಾಗಿತ್ತು. ನನ್ನ ಬಾಯಿ ನಿಮಗ ಗೊತ್ತಾಗೇತಲ್ಲ. “ನಾಲಿಗಿ ಸತ್ತೈತೇನ ನಿಂದು?” ಅಂತ ನಮ್ಮಾಕಿಗೆ ಒದರಿದ್ನಿ.

ಮೂಲ್ಯಾಗ ಮಲಗಿದ್ದ ಮೋತ್ಯಾ ಎದ್ದ. ತನ್ನ ತಾಟು ಬಾಯಾಗ ಹಿಡಕೊಂಡ. ತಲಿ ಕೆಳಗ ಹಾಕಿ ಹೊರಗ ನಡದು, ಸ್ಕೂಟರ್ ಬಾಜೂಕ ಹೋಗಿ ನಿಂತ.

ಬೈಗಳ ಬಿದ್ದ ಮ್ಯಾಲ ತಾಟು ತಗೊಂಡ ಹೋಗೂದು ಅಂತ ಅವಗ ಕಲಿಸಿದಾಂವ ನಾನ ಅಲ್ಲೇನ್ರಿ. ಎಂಜಲ ಕೈಲೇ ಓಡಿ ಹೋಗಿ, ಓಣಿ ಮಂದಿ ನೋಡಾಕತ್ತಿದ್ರೂ ಅವನ ಕಾಲು ಹಿಡಕೊಂಡ್ನಿ. “ಒಳಗ ಬಾರೋ ಯಪ್ಪಾ! ನಿನಗಲ್ಲೋ, ಆಕಿಗೆ ಬೈದದ್ದು!”

ಒಳಗಿಂದ ನಮ್ಮಾಕಿ ಕೇಳಿದ್ಳು, “ಹಂಗಾರ ನನ್ನ ತಾಟೂ ತಗೊಂಡ ಬರಲೇನ್ರಿ?”