ಲಾರಿಯಲ್ಲಿ ವಿಕಿರಣ

ಅಣುವಸ್ತುಗಳು ಕಳ್ಳರ ಕೈಗೆ ಸಿಗದಂತೆ ಕಾಯುವುದು ಹೇಗೆಂದು ಪಾಠ ಹೇಳುವುದು ನನ್ನ ನೌಕರಿ. ಕೇಳಿದವರು ಹೆದರಬೇಕು, ಅಂಥ ವಿಷಯ. ಆದರೆ ಆಳಂದ, ಅಫಜಲಪುರ, ಜೇವರ್ಗಿ ಕಡೆ ಹೋದಾಗಲೆಲ್ಲ ಏನಾದರೊಂದು ಆಗಿ ನಗು ತಡೆಯುವುದೇ ಕಷ್ಟವಾಗುತ್ತದೆ. ಈ ಸಲ ಮಾತ್ರ ನನಗೆ ನಗುವ ಧೈರ್ಯವಿರಲಿಲ್ಲ. ಕೊನೆಗೆ ಜೇವರ್ಗಿಯಲ್ಲಿ ನಡೆಯುವ ಅಣಕು ಕಾರ್ಯಾಚರಣೆ ನೋಡಲು ಮೇಲಧಿಕಾರಿ ಬರುವವರಿದ್ದರು. ಅದು ಕೆಟ್ಟರೆ ತರಬೇತಿ ಬಂದ್, ನನ್ನ ನೌಕರಿಯೂ ಬಂದ್.

ಫ್ಯಾನು

ಆಳಂದದ ಗುಜರಿ ವ್ಯಾಪಾರಿಗಳಿಗೆ ವಿಕಿರಣದ ಗುರುತು ತೋರಿಸಿದೆ: ಹಳದಿ ಹಲಗೆ, ಮೇಲೆ ಮೂರು ಕಪ್ಪು ಎಸಳು. "ಹಳೇ ಸಾಮಾನಿನ ಮೇಲೆ ಇದು ಕಂಡರೆ ಮುಟ್ಟಬೇಡಿ, ದೂರ ನಿಂತು ಫೋನ್ ಮಾಡಿ" ಎಂದೆ.

ಮರುದಿನವೇ ಅವರಲ್ಲೊಬ್ಬ ಚಾಚಾನ ಫೋನು. "ಸಾಬ್, ಗುರುತು ಸಿಕ್ಕದ್ರಿ! ಓಣಿ ಮಂದೀನೆಲ್ಲ ಹೊರಗ ಕಳಿಸೇನಿ, ಲಗೂನ ಬರ್ರಿ!"

ವಿಕಿರಣ ಅಳೆಯುವ ಮೀಟರ್ ಹಿಡಿದು ಓಡಿದೆ. ಓಣಿಯ ತುದಿಯಲ್ಲಿ ಜನ, ಆಡು, ಕೋಳಿ ಎಲ್ಲ ಗುಂಪಾಗಿ ನಿಂತಿದ್ದವು. ಚಾಚಾನ ಅಂಗಡಿಯೊಳಗೆ ನೋಡಿದರೆ ರಟ್ಟಿನ ಖಾಲಿ ಡಬ್ಬಿ, ಮೇಲೆ ಸೀಲಿಂಗ್ ಫ್ಯಾನಿನ ಚಿತ್ರ.

"ಚಾಚಾ, ಇದು ಫ್ಯಾನು!"

"ಅದು ನನಗೂ ಗೊತ್ತದರಿ ಸಾಬ್. ನಿನ್ನೆ ನೀವು ತೋರ್ಸಿದ್ದೂ ಫ್ಯಾನೇ ಇತ್ತಲ್ರಿ?"

ಗುಟ್ಟು

ಅಫಜಲಪುರದಲ್ಲಿ ಹೋಮ್ ಗಾರ್ಡುಗಳಿಗೆ ಕಲಿಸಿದ್ದು ಬಾಯಿ ಬಿಗಿಹಿಡಿಯುವುದನ್ನು. ಅಣುವಸ್ತು ಸಾಗಿಸುವ ಗಾಡಿ ಎಲ್ಲಿಗೆ ಹೋಗುತ್ತದೆಂದು ಮನೆಯವರಿಗೂ ಹೇಳಬಾರದು. ಪರೀಕ್ಷೆ ಮಾಡೋಣವೆಂದು ದನಿ ಬದಲಿಸಿ ಒಬ್ಬರಿಗೆ ಫೋನ್ ಮಾಡಿ, "ಗಾಡಿ ಎಲ್ಲಿಗಿ ಹೊಂಟಾದ್ರಿ?" ಎಂದೆ.

"ಏ, ಹೇಳಂಗಿಲ್ರಿ! ಜೇವರ್ಗಿಗಿ ಹೊಂಟಾದಂತ ಯಾರಿಗೂ ಹೇಳಬ್ಯಾಡ ಅಂತ ನಮ್ಮ ಸಾಹೇಬ್ರು ತಾಕೀತು ಮಾಡ್ಯಾರ್ರಿ."

ಆಮೇಲೆ ದನಿ ತಗ್ಗಿಸಿ, "ನೀವೂ ಯಾರ ಮುಂದ ಅನಬ್ಯಾಡ್ರಿ ಮತ್ತ" ಎಂದರು.

ವಿಕಿರಣ

ಕಾರ್ಯಾಚರಣೆಯ ದಿನ ಬಂತು. ಪರೀಕ್ಷೆಗೆಂದೇ ಇರುವ, ಅಪಾಯವಿಲ್ಲದ ವಿಕಿರಣದ ಸಣ್ಣ ತುಣುಕನ್ನು ಒಂದು ಲಾರಿಯಲ್ಲಿ ಬಚ್ಚಿಟ್ಟು ಹೆದ್ದಾರಿಗೆ ಬಿಟ್ಟೆವು. ಗಾಡಿ ತಪಾಸಣೆಯ ನಾಕಾದ ಪೊಲೀಸರು ಮೀಟರ್ ಹಿಡಿದು ಅದನ್ನು ಪತ್ತೆ ಮಾಡಬೇಕು. ಗ್ರಹಚಾರಕ್ಕೆ, ನನ್ನ ಹತ್ತಿರ ಕಲಿತವರನ್ನೆಲ್ಲ ಅವತ್ತೇ ಬೇರೆಲ್ಲೋ ಬಂದೋಬಸ್ತಿಗೆ ಕಳಿಸಿದ್ದರು. ಬದಲಿಗೆ ಬಂದ ಹವಾಲ್ದಾರರಿಗೆ ವೈರ್‌ಲೆಸ್ಸಿನಲ್ಲಿ ಹೋದ ಮಾತು ಇಷ್ಟೇ: "ಲಾರಿಯಲ್ಲಿ ವಿಕಿರಣ. ತಡೆದು ಹಿಡಿಯಿರಿ."

ಠಾಣೆಯಲ್ಲಿ ಮೇಲಧಿಕಾರಿಯ ಪಕ್ಕ ನಾನು ಬೆವರುತ್ತ ಕೂತಿದ್ದೆ. ವೈರ್‌ಲೆಸ್ ಕೂಗಿತು: "ಸರ್, ವಿಕಿರಣ ಪತ್ತೆ ಆತ್ರಿ!" ಹೋದ ಜೀವ ಬಂತು ನನಗೆ.

"ಪ್ರಮಾಣ ಎಷ್ಟು?" ಅಧಿಕಾರಿ ಕೇಳಿದರು.

"ಐದೂವರೆ ಫೂಟ್ ಇರಬಹುದ್ರಿ."

"ಸೋರಿಕೆ ಇದೆಯಾ?"

"ಹೌದ್ರಿ, ನೆಗಡಿ ಆಗ್ಯಾದ. ಮೂಗು ಸೋರಾಕತ್ತದ."

ಇಬ್ಬರೂ ನಾಕಾಕ್ಕೆ ಓಡಿದೆವು. ಹತ್ತಿ ತುಂಬಿದ ಲಾರಿಯ ಡ್ರೈವರೊಬ್ಬ ಬೆಂಚಿನ ಮೇಲೆ ಮೂಗು ಒರೆಸಿಕೊಳ್ಳುತ್ತ ಕೂತಿದ್ದ. ಹೆಸರು ವಿ. ಕಿರಣ.

"ಎಲ್ಲಾ ಲಾರಿ ನಿಂದ್ರಿಸಿ ಲೈಸೆನ್ಸ್ ನೋಡಿದೆರಿ," ಎಂದರು ಹವಾಲ್ದಾರರು ಹೆಮ್ಮೆಯಿಂದ. "ಕಿರಣ ಅಂಬೋರು ಮೂರು ಮಂದಿ ಸಿಕ್ರು. 'ವಿ' ಇದ್ದಾಂವ ಇವನೊಬ್ಬನೇ."

ನಮ್ಮ ಲಾರಿಯನ್ನೂ ತಡೆದಿದ್ದರಂತೆ. ಡ್ರೈವರನ ಹೆಸರು ಬೇರೆ ಇದ್ದದ್ದಕ್ಕೆ ಮರ್ಯಾದೆಯಿಂದ ಬಿಟ್ಟಿದ್ದರು. ಅವನು ನಾಕಾ ದಾಟಿ ಮುಂದಿನ ಅಂದೋಲಾ ಊರಲ್ಲಿ ಆರಾಮಾಗಿ ಚಹಾ ಕುಡಿಯುತ್ತಿದ್ದ.

ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅಧಿಕಾರಿ ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಇಲ್ಲಿ ತರಬೇತಿ ನಿಲ್ಲಿಸುವುದೇ ದೊಡ್ಡ ಅಪಾಯ ಕಣ್ರೀ, ಮುಂದುವರಿಸಿ" ಎಂದರು.

ಅದನ್ನು ಕೇಳಿಸಿಕೊಂಡ ಹವಾಲ್ದಾರರು ನನ್ನ ಹತ್ತಿರ ಬಂದು, ಡ್ರೈವರನ ಕಡೆ ಕೈ ತೋರಿಸಿದರು. "ಇವನ್ನ ಬಿಡ್ಲೇನ್ರಿ ಸರ್? ಇಲ್ಲ, ಮುಂದಿನ ತರಬೇತಿಗೂ ಬೇಕೇನ್ರಿ?"