ಹಗುರವಾದ ಪೆಟ್ಟಿಗೆ

ಮಂಚದ ಕೆಳಗಿನಿಂದ ಪೆಟ್ಟಿಗೆಯನ್ನು ಎಳೆದು ಮೇಲೆತ್ತುವಾಗ ‘ಲಟಕ್’ ಎಂದು ಸದ್ದಾಯಿತು. ಚಿಲಕ ಮುರಿಯಿತೆಂದು, ಎಲ್ಲರೂ ‘ಪೆಟ್ಟಿಗೆ ಮಾವ’ ಎಂದು ಕರೆಯುವ ಮಾವ ಗಾಬರಿಯಾದರು. ಚಿಲಕ ನೆಟ್ಟಗಿತ್ತು. ಸದ್ದು ಬಂದದ್ದು ಅವರ ಸೊಂಟದಿಂದ.

“ರೀ, ಆಗಿನಿಂದ ಬಗ್ಗಿಕೊಂಡೇ ಇದ್ದೀರಲ್ಲ, ಏನು ಕಳ್ಕೊಂಡ್ರಿ?” ಬಾಗಿಲಲ್ಲಿ ನಿಂತು ಹೆಂಡತಿ ಕೇಳಿದರು.

“ಏನೂ ಕಳ್ಕೊಂಡಿಲ್ಲ ಕಣೇ. ಮೇಲೇಳೋಕೆ ಆಗ್ತಿಲ್ಲ.”

ಪೆಟ್ಟಿಗೆಯೊಳಗಿದ್ದದ್ದು ಸಿಂಥಸೈಜರ್, ಕರೆಂಟಿನಿಂದ ಬಗೆಬಗೆಯ ದನಿ ಹುಟ್ಟಿಸುವ ಕೀಬೋರ್ಡು. ಹಳೆಯ ಹಾಡುಗಳ ವಾದ್ಯವೃಂದವೊಂದರಲ್ಲಿ ಮಾವ ಅದನ್ನು ನುಡಿಸುತ್ತಿದ್ದರು. ಮದುವೆಗೆ ಸ್ವಲ್ಪ ಮೊದಲು ಕೊಂಡದ್ದಾದ್ದರಿಂದ ಹೆಂಡತಿ ಅದನ್ನು ‘ಹಿರಿಯಕ್ಕ’ ಎನ್ನುತ್ತಿದ್ದರು. ಕಬ್ಬಿಣದ ಮೈ, ಮರದ ಪಕ್ಕೆ. ಊಟ ಮುಗಿಸಿದ ದಪ್ಪ ನೆಂಟನಷ್ಟು ಭಾರ. ಅದರಲ್ಲಿನ ಒಂದು ದನಿಯನ್ನು ಮಾವ ಪ್ರಾಯದಲ್ಲಿ ಇಡೀ ಒಂದು ಬೇಸಿಗೆ ತಿರುಪುಗಳನ್ನು ತಿರುಗಿಸಿ ತಿರುಗಿಸಿ ತಾವೇ ಹದ ಮಾಡಿದ್ದರು. ಅವರಮ್ಮ ಬಟ್ಟೆ ಮಡಿಸುತ್ತ ಬಾಯಿ ಮುಚ್ಚಿಕೊಂಡೇ ಗುನುಗುತ್ತಿದ್ದ ರೀತಿ ಅದರಲ್ಲಿತ್ತು. ಆ ದನಿ ಬಂದಾಗಲೆಲ್ಲ ಮಾವನ ಮೂಗಿಗೆ ಬಿಸಿಲಲ್ಲಿ ಒಣಗಿದ ಬಟ್ಟೆಯ ವಾಸನೆ ಬರುತ್ತಿತ್ತು.

“ಹಿರಿಯಕ್ಕನಿಗೂ ವಯಸ್ಸಾಯ್ತು, ನಿಮಗೂ ಆಯ್ತು. ಇವತ್ತೇ ಹಗುರವಾದದ್ದೊಂದು ತಗೊಳ್ಳಿ,” ಎಂದು ಹೆಂಡತಿ ಸೊಂಟಕ್ಕೆ ಬಿಸಿನೀರಿನ ಚೀಲ ಒತ್ತಿದರು.

ಮಾವ ಒಲ್ಲೆ ಎನ್ನುವಂತಿರಲಿಲ್ಲ. ಸಂಜೆ ಗ್ರಂಥಾಲಯದ ಸಭಾಂಗಣದಲ್ಲಿ ಕಾರ್ಯಕ್ರಮ. ಹೋದ ಸಲ ಇದೇ ಸೊಂಟದ ದೆಸೆಯಿಂದ ತಡವಾಗಿ ಹೋಗಿದ್ದರು. ವೃಂದದ ಯಜಮಾನಿಯಾದ ಗಾಯಕಿ ಅಂದೇ ಹೇಳಿದ್ದರು: “ಇನ್ನೊಂದ್ಸಲ ಕೈಕೊಟ್ರೆ ಮಾವ, ನಾನು ಫೋನಲ್ಲಿ ಸಂಗೀತ ಹಾಕ್ಕೊಂಡು ಹಾಡ್ತೀನಿ. ಅದಕ್ಕೆ ಸೊಂಟ ಇಲ್ಲ.”

ಸುದ್ದಿ ತಿಳಿದು ಕೊಳಲಿನವನೂ ಡ್ರಮ್ಮಿನವನೂ ಓಡಿಬಂದರು. ಇಬ್ಬರೂ ಐವತ್ತು ದಾಟಿದವರು. ಮಾವನಿಗೆ ಮಾತ್ರ ಇನ್ನೂ ಹುಡುಗರು. “ನೀವು ಕೈ ಬೀಸ್ಕೊಂಡು ಬನ್ನಿ ಮಾವ,” ಎಂದು ಹಿರಿಯಕ್ಕನನ್ನು ತಾವೇ ಹೊತ್ತರು. ಮಾವ ಏಡಿಯ ಹಾಗೆ ಅಡ್ಡಡ್ಡ ನಡೆದು ರಸ್ತೆ ದಾಟುವ ತನಕ ಕೊಳಲಿನವನು ಬರುವ ಬಸ್ಸಿಗೆ ಕೈ ಅಡ್ಡ ಹಿಡಿದು ನಿಂತ. ಒಳ್ಳೆಯ ಹುಡುಗರೇ. ಆದರೆ ಒಳ್ಳೆಯವರಿಗೂ ಹೊಟ್ಟೆಪಾಡು ಎಂಬುದೊಂದಿರುತ್ತದೆ.

ವಾದ್ಯಗಳ ಅಂಗಡಿಯಮ್ಮ ಹಳೆಯದನ್ನು ಬದಲಿಗೆ ತೆಗೆದುಕೊಳ್ಳಲು ಒಪ್ಪಿ, ಅದನ್ನು ಕೌಂಟರಿನ ಕೆಳಗೆ ಇರಿಸಿ, ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಸ್ಪೀಕರಿಗೆ ಸಿಕ್ಕಿಸಿದರು. ಆಮೇಲೆ ಹೊಸ ಕೀಬೋರ್ಡೊಂದರ ಗುಂಡಿ ಒತ್ತಿದರು. ಕೊಳಲಿನ ದನಿ ಎಷ್ಟು ಸೊಗಸಾಗಿ ಬಂತೆಂದರೆ ಕೊಳಲಿನವನ ಮುಖ ಬಾಡಿದ ಬದನೆಕಾಯಿಯಂತಾಯಿತು.

“ಇದು ಕೊಳಲಾ? ಕುಕ್ಕರ್ ಸೀಟಿ. ಬೇಡ ಮಾವ.”

ಎರಡನೆಯದು ತಾನೇ ತಾಳ ಹಾಕಿತು. ಡ್ರಮ್ಮಿನವನು ಬೆವರಿದ. “ಅಯ್ಯೋ, ಇದು ಯಾರೂ ಕೇಳದೇನೇ ಬಡ್ಕೊಳ್ಳೋಕೆ ಶುರು ಮಾಡುತ್ತೆ, ನಿಲ್ಸು ಅಂದ್ರೆ ನಿಲ್ಸಲ್ಲ. ಥೇಟ್ ನಮ್ಮತ್ತೆ. ಬೇಡ ಮಾವ.”

ಮೂರನೆಯದರಲ್ಲಿ ಕೊಳಲೂ ಇತ್ತು, ತಾಳವೂ ಇತ್ತು. ಅದರ ಬಣ್ಣ ಸರಿಯಿಲ್ಲವೆಂದು ಇಬ್ಬರೂ ಒಂದೇ ಉಸಿರಿನಲ್ಲಿ ಹೇಳಿದರು.

ಕೊನೆಗೆ ಅಂಗಡಿಯಮ್ಮ ತಟ್ಟೆಯಂಥ ತೆಳ್ಳಗಿನದೊಂದನ್ನು ತಂದಿಟ್ಟು, ಅದರ ವಯರನ್ನು ಕೌಂಟರಿನ ಕೆಳಕ್ಕೆ ಇಳಿಬಿಟ್ಟು ಬಗ್ಗಿ ಸಿಕ್ಕಿಸಿದರು. “ಇದು ಬೆರಳಿನ ಮನಸ್ಸು ತಿಳ್ಕೊಳ್ಳೋ ಕೀಬೋರ್ಡು ಸಾರ್. ಒತ್ತಿ ನೋಡಿ.”

ಮಾವ ಮೆಲ್ಲಗೆ ಒತ್ತಿದರು, ದನಿ ಪಿಸುಗುಟ್ಟಿತು. ಒತ್ತಿ ಹಿಡಿದರು, ಉಬ್ಬಿತು. ಬೆರಳನ್ನು ತುಸು ಅಲುಗಿಸಿದರು, ತೊಟ್ಟಿಲಿನಂತೆ ತೂಗಿತು. ಬಿಸಿಲಲ್ಲಿ ಒಣಗಿದ ಬಟ್ಟೆಯ ವಾಸನೆ ಅಂಗಡಿಯ ತುಂಬ ಹರಡಿತು. ಮಾವನ ಕಣ್ಣು ತುಂಬಿತು.

“ಲೋ, ಇದು ನಮ್ಮ ಹಳೇದರ ಹಾಗೇ ಇದೆಯಲ್ಲೋ!”

“ಹೊಸದು ಅಂದ್ರೆ ಸುಮ್ನೇನಾ ಮಾವ? ಹಳೇ ದನಿಗಳನ್ನೆಲ್ಲ ಒಳಗೆ ತುಂಬಿಟ್ಟಿರ್ತಾರೆ,” ಎಂದ ಡ್ರಮ್ಮಿನವನು, ತಾನೇ ತುಂಬಿದವನ ಹಾಗೆ.

“ಸಾರ್, ಆ ದನಿ…” ಎಂದರು ಅಂಗಡಿಯಮ್ಮ.

“ಕೊಳಲು ಇದೆಯಾ ಇದ್ರಲ್ಲಿ?” ಕೊಳಲಿನವನು ಅಡ್ಡ ಬಾಯಿ ಹಾಕಿದ.

“ಇಲ್ಲ, ಇದ್ರಲ್ಲಿ ಯಾವ…”

“ತಾಳ?” ಎಂದ ಡ್ರಮ್ಮಿನವನು.

“ಅದೂ ಇಲ್ಲ. ನಾನು ಹೇಳೋದು ಸ್ವಲ್ಪ…”

“ಹಾಗಾದ್ರೆ ಕಟ್ಟಿಕೊಡಿ!” ಇಬ್ಬರೂ ಒಟ್ಟಿಗೇ ಕೂಗಿ, ಆಕೆ ಬಾಯಿ ಮುಚ್ಚುವುದರೊಳಗೆ ಮಾವನನ್ನು ರಸ್ತೆಗೆ ಸಾಗಿಸಿಬಿಟ್ಟರು.

ಸಂಜೆ ಮಾವ ಹೊಸ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ದಿನಪತ್ರಿಕೆ ಹಿಡಿದವರ ಹಾಗೆ ಸಭಾಂಗಣಕ್ಕೆ ಬಂದರು. ಗುಂಡಿ ಒತ್ತಿದರು. ದೀಪ ಹತ್ತಿತು. ಕೀ ಒತ್ತಿದರು. ಸದ್ದಿಲ್ಲ. ಸ್ಪೀಕರಿನ ವಯರು ಸಿಕ್ಕಿಸೋಣವೆಂದು ಹಿಂದೆ ತಡಕಿದರೆ ಅದಕ್ಕೆ ತೂತೇ ಇರಲಿಲ್ಲ.

ಜನ ಬಂದು ಕೂತಿದ್ದರು. ಹೆಂಡತಿ ಮುಂದಿನ ಸಾಲಿನಲ್ಲಿದ್ದರು. ಗಾಯಕಿ ಕೈಚೀಲದಿಂದ ಫೋನು ತೆಗೆದು ಮಾವನ ಎದುರಿನ ಸ್ಟೂಲಿನ ಮೇಲೆ ಮೆತ್ತಗೆ ಇಟ್ಟರು, ಅಷ್ಟೆ.

ಮಾವ ಪರದೆಯ ಹಿಂದೆ ಹೋಗಿ ಅಂಗಡಿಗೆ ಫೋನ್ ಮಾಡಿದರು.

“ಅದಕ್ಕೆ ಸ್ವಂತ ದನಿ ಇಲ್ಲ ಸಾರ್,” ಎಂದರು ಅಂಗಡಿಯಮ್ಮ. “ಬೆರಳು ಹೇಳಿದ್ದನ್ನ ಇನ್ನೊಂದು ಪೆಟ್ಟಿಗೆಗೆ ಮುಟ್ಟಿಸುತ್ತೆ. ಬೆಳಿಗ್ಗೆ ಅದೇ ಹೇಳೋಕೆ ಹೊರಟಿದ್ದೆ, ಆ ಇಬ್ಬರು ಬಿಡ್ಬೇಕಲ್ಲ!”

“ಮತ್ತೆ ಬೆಳಿಗ್ಗೆ ಹಾಡಿದ್ದು?”

“ನಿಮ್ಮ ಹಳೇದೇ. ಕೌಂಟರ್ ಕೆಳಗೆ ಕೂತ್ಕೊಂಡು ಹಾಡ್ತಿತ್ತು.”

ಮಾವ ನಲವತ್ತು ವರ್ಷ ಜೊತೆಗಿದ್ದವಳ ದನಿಗೆ ಮರುಳಾಗಿ, ಅವಳನ್ನೇ ಕೊಟ್ಟು ಬಂದಿದ್ದರು. “ಅಮ್ಮಾ, ಅದು… ಇದೆಯಾ? ಮಾರಿಹೋಯ್ತಾ?”

“ನಿಮ್ಮ ಕಣ್ಣಲ್ಲಿ ನೀರು ನೋಡಿದ್ಮೇಲೆ ಅದನ್ನ ಹೇಗೆ ಮಾರ್ಲಿ ಸಾರ್? ಅಂಗಡಿ ಮುಚ್ಚಿ ನಾನೇ ತರ್ತೀನಿ, ತಾಳಿ.”

ಆಕೆ ತಮ್ಮ ಶಾಲು ಹೊದಿಸಿ, ಮಗುವನ್ನು ತಂದ ಹಾಗೆ, ಸ್ಕೂಟರಿನ ಹಿಂದೆ ಹಿರಿಯಕ್ಕನನ್ನು ಕಟ್ಟಿಕೊಂಡು ಬಂದರು. ಅಷ್ಟು ಹೊತ್ತು ಡ್ರಮ್ಮಿನವನು ಒಂದೇ ತಾಳವನ್ನು ಮತ್ತೆ ಮತ್ತೆ ಬಾರಿಸಿ ಜನರನ್ನು ತಡೆದು ಹಿಡಿದ. ಹಿರಿಯಕ್ಕ ಮೇಜಿನ ಕೆಳಗೆ, ಬಟ್ಟೆಯ ಮರೆಯಲ್ಲಿ ಕೂತಳು, ಹೊಸಬಳು ಮೇಲೆ. ನಡುವೆ ಒಂದು ವಯರು.

ಆ ಸಂಜೆಯ ಹಾಡನ್ನು ಕೇಳಬೇಕಿತ್ತು! ದನಿ ಉಬ್ಬಿತು, ತೂಗಿತು, ಉಸಿರೆಳೆದುಕೊಂಡಿತು. ಗಾಯಕಿ ಒಂದು ಸಾಲನ್ನೇ ಮರೆತರು. ಹಿಂದಿನ ಸಾಲಿನ ಅಜ್ಜಿಯೊಬ್ಬರು ಪಕ್ಕದವರ ಕರವಸ್ತ್ರ ಇಸಿದುಕೊಂಡರು. ಸ್ಟೂಲಿನ ಮೇಲಿನ ಫೋನು ತಣ್ಣಗೆ ಕೈಚೀಲಕ್ಕೆ ಹಿಂತಿರುಗಿತು.

“ನಾವು ಆರಿಸಿದ್ದು ಅಂದ್ರೆ ಹೀಗಿರುತ್ತೆ!” ಎಂದ ಕೊಳಲಿನವನು.

ಹೆಂಡತಿ ವೇದಿಕೆಗೆ ಬಂದು ಮೇಜಿನ ಬಟ್ಟೆ ಎತ್ತಿ ನೋಡಿದರು. “ನನಗೆ ಮೊದಲನೇ ಹಾಡಿಗೇ ಗೊತ್ತಾಯ್ತು ರೀ. ಇಷ್ಟು ವರ್ಷ ಒಂದೇ ಮನೇಲಿದ್ದೀವಿ, ಅವಳ ಗಂಟಲು ತಿಳಿಯಲ್ವಾ ನನಗೆ?”

“ಮಾವ, ಇನ್ಮೇಲೆ ಎರಡನ್ನೂ ತರ್ಬೇಕು,” ಎಂದರು ಗಾಯಕಿ. “ಒಂದು ಬಿಟ್ಟು ಬಂದ್ರೂ ಫೋನೇ.”

ಮಾವ ಎರಡು ಪೆಟ್ಟಿಗೆಗಳನ್ನೂ ನೋಡುತ್ತ ನಿಂತರು. ಕೊಳಲಿನವನಿಗೂ ಡ್ರಮ್ಮಿನವನಿಗೂ ಕರುಳು ಚುರುಕ್ಕೆಂದಿತು.

“ಪಾಪ, ಎರಡೆರಡು ಭಾರ ಆಗುತ್ತಲ್ಲ ಮಾವ. ನಾಳೆ ಬೆಳಿಗ್ಗೇನೇ ಬರ್ತೀವಿ. ಅಂಗಡಿಗೆ ಹೋಗಿ ಹಗುರವಾದದ್ದೊಂದು ಆರಿಸೋಣ!”

ಮಾವ ಹಿರಿಯಕ್ಕನನ್ನು ಒಂದು ಕೈಯಲ್ಲೂ ಕಿರಿಯಳನ್ನು ಇನ್ನೊಂದು ಕೈಯಲ್ಲೂ ಬಾಚಿಕೊಂಡು, ಹಿಂದಿರುಗಿಯೂ ನೋಡದೆ ಬಾಗಿಲ ಕಡೆ ಓಡಿದರು. ಮೆಟ್ಟಿಲ ಮೇಲೆ ‘ಲಟಕ್’ ಎಂದು ಸದ್ದಾಯಿತು.

ಹೆಂಡತಿ ಓಡಿಬಂದು ಬಗ್ಗಿ ನೋಡಿದರು. ಎರಡು ಪೆಟ್ಟಿಗೆಗಳ ಚಿಲಕಗಳೂ ನೆಟ್ಟಗಿದ್ದವು.